ನೊವಾಯಾ ಝೆಮ್ಲ್ಯಾ: 130 ಸ್ಫೋಟ, ತೀರದ ಬಾಕಿ

ಸೋವಿಯತ್ ಅಣುಬಾಂಬ್ ಪರೀಕ್ಷೆ ಎಂದರೆ ಮೊದಲು ನೆನಪಾಗುವುದು ಕಜಕಸ್ತಾನದ ಸೆಮಿಪಲಾಟಿನ್‌ಸ್ಕ್. ಎಣಿಕೆಯಲ್ಲಿ ಅದೇ ಮುಂದೆ: ಅಲ್ಲಿ 456 ಪರೀಕ್ಷೆ, ಆರ್ಕ್ಟಿಕ್‌ನ ನೊವಾಯಾ ಝೆಮ್ಲ್ಯಾ ದ್ವೀಪಗಳಲ್ಲಿ 130. ಶಕ್ತಿಯನ್ನು ತೂಗಿದರೆ ಮಾತ್ರ ತಕ್ಕಡಿ ಉತ್ತರಕ್ಕೇ ವಾಲುತ್ತದೆ. ದ್ವೀಪಗಳಲ್ಲಿ ಸಿಡಿದದ್ದು ಸುಮಾರು 265 ಮೆಗಾಟನ್, ಸೋವಿಯತ್ ಪರೀಕ್ಷೆಗಳ ಒಟ್ಟು ಶಕ್ತಿಯ ಶೇ 90ಕ್ಕೂ ಹೆಚ್ಚು. 15 ಕಿಲೋಟನ್‌ನ ಹಿರೋಶಿಮಾ ಬಾಂಬಿನ ಲೆಕ್ಕದಲ್ಲಿ 17,600ಕ್ಕೂ ಹೆಚ್ಚು ಬಾಂಬುಗಳು.

ಇದರಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಒಂದೇ ಬೆಳಗಿನದು. 1961ರ ಅಕ್ಟೋಬರ್ 30ರಂದು ಟಿಯು-95 ವಿಮಾನ ಬೀಳಿಸಿದ 'ಝಾರ್ ಬಾಂಬ್' 8 ಮೀಟರ್ ಉದ್ದ, ಸುಮಾರು 27 ಟನ್ ತೂಕ. ವಿಮಾನ ದೂರ ಸಾಗಲು ಸಮಯ ಸಿಗಲೆಂದೇ ಪ್ಯಾರಾಚೂಟ್ ಕಟ್ಟಿದ್ದರು. 4 ಕಿ.ಮೀ. ಎತ್ತರದಲ್ಲಿ ಸಿಡಿದಾಗ 50 ಮೆಗಾಟನ್. ಮೂಲ ವಿನ್ಯಾಸ 100ರದು. ಅರ್ಧಕ್ಕಿಳಿಸಿದ್ದಕ್ಕೆ ವಿಕಿರಣ ಧೂಳು ಎಷ್ಟೋ ತಗ್ಗಿತು, ಅಷ್ಟರಮಟ್ಟಿಗೆ ಪುಣ್ಯ.

ನೆಲ ಖಾಲಿಯಿರಲಿಲ್ಲ. ಪರೀಕ್ಷಾ ತಾಣಕ್ಕೆ ಜಾಗ ಮಾಡಲು 1950ರ ದಶಕದಲ್ಲಿ ನೆನೆತ್ಸ್ ಬುಡಕಟ್ಟಿನ ಕುಟುಂಬಗಳನ್ನು ದ್ವೀಪಗಳಿಂದ ಎಬ್ಬಿಸಿ ಮುಖ್ಯ ಭೂಭಾಗಕ್ಕೆ ಸಾಗಿಸಲಾಯಿತು. ಧೂಳು ಅವರ ಹಿಂದೆಯೇ ಹೋಯಿತು: ಕಲ್ಲುಹೂವು ಗಾಳಿಯಲ್ಲಿ ಬಂದ ಸೀಸಿಯಂ-137 ಅನ್ನು ಹೀರಿಕೊಳ್ಳುತ್ತದೆ, ಹಿಮಸಾರಂಗ ಅದನ್ನು ಮೇಯುತ್ತದೆ, ಮಾಂಸ ಮನುಷ್ಯನ ಊಟವಾಗುತ್ತದೆ. ಸೀಸಿಯಂನ ಅರ್ಧಾಯುಷ್ಯ 30 ವರ್ಷ. 1961ರಲ್ಲಿ ಬಿದ್ದದ್ದರಲ್ಲಿ ಉಳಿದಿರುವುದು ಕಾಲು ಭಾಗಕ್ಕಿಂತ ಕಡಿಮೆ. ಆದರೆ 1955ರಲ್ಲಿ ನೀರಿನಡಿ ಮೊದಲ ಸ್ಫೋಟ ನಡೆದ ಚೋರ್ನಾಯಾ ಕೊಲ್ಲಿಯ ಕೆಸರಿನಲ್ಲಿ ಪ್ಲುಟೋನಿಯಂ ಇದೆ. ಪ್ಲುಟೋನಿಯಂ-239ರ ಅರ್ಧಾಯುಷ್ಯ 24,000 ವರ್ಷ.

1963ರ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದದ ನಂತರ ಸ್ಫೋಟಗಳು ನೆಲದಡಿಗೆ ಇಳಿದವು. ಕೊನೆಯದು 1990ರ ಅಕ್ಟೋಬರ್ 24ರಂದು. ಬಾಂಬುಗಳ ಲೆಕ್ಕ ಅಲ್ಲಿಗೆ ಮುಗಿಯಿತು, ಪಕ್ಕದ ಕಾರಾ ಸಮುದ್ರದ ಲೆಕ್ಕ ಮುಗಿಯಲಿಲ್ಲ. ಅಲ್ಲಿ ಸುರಿದಿರುವುದು ಸುಮಾರು 17,000 ಪೆಟ್ಟಿಗೆ ವಿಕಿರಣ ತ್ಯಾಜ್ಯ ಮತ್ತು 16 ರಿಯಾಕ್ಟರ್. ಕೆಲವು ರಿಯಾಕ್ಟರ್‌ಗಳಲ್ಲಿ ಇಂಧನ ಹಾಗೆಯೇ ಇದೆ. 1968ರ ಅವಘಡದಲ್ಲಿ ಕೆಟ್ಟ ಕೆ-27 ಜಲಾಂತರ್ಗಾಮಿಯನ್ನು 1982ರಲ್ಲಿ ಇಲ್ಲಿಯೇ ಮುಳುಗಿಸಿದರು.

2020ರಲ್ಲಿ ರಷ್ಯಾ ಅದನ್ನೂ ಸೇರಿಸಿ ಆರು ಅಪಾಯಕಾರಿ ವಸ್ತುಗಳನ್ನು ಎತ್ತುವ ಯೋಜನೆ ಮುಂದಿಟ್ಟಿತು. ಅಂದಾಜು ವೆಚ್ಚ ಸುಮಾರು 28 ಕೋಟಿ ಯೂರೋ, ಆಗಿನ ದರದಲ್ಲಿ ಹತ್ತಿರಹತ್ತಿರ 2,400 ಕೋಟಿ ರೂಪಾಯಿ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನ ನೆರವು ನಿಂತುಹೋಯಿತು. ಕೆ-27 ಬಿದ್ದಿರುವುದು ಬರೀ 33 ಮೀಟರ್ ಆಳದಲ್ಲಿ.