ಬೇಸಿಗೆಯ ಹೊಳೆ ಮತ್ತು ನಮ್ಮ ಆರೋಗ್ಯ

ಕನಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯ ಮರಳಿನಲ್ಲಿ, ಮಳೆ ನಿಂತು ತಿಂಗಳುಗಳಾದ ಮೇಲೂ ಒರತೆ ತೋಡಿದರೆ ನೀರು ಜಿನುಗುತ್ತದೆ. ಈ ನೀರು ಎಲ್ಲಿಯದು? ಮಳೆಗಾಲದಲ್ಲಿ ನಮ್ಮ ಹೊಲಗಳಲ್ಲಿ ಇಂಗಿದ ನೀರೇ ಮಣ್ಣಿನ ಪದರಗಳಲ್ಲಿ ಮೆಲ್ಲನೆ ಸಾಗಿ ಹೊಳೆಯನ್ನು ಸೇರುತ್ತದೆ.

ಆಕಾಶದಿಂದ ಬೀಳುವ ನೀರು ಒಂದೇ ಬಗೆಯದಾದರೂ ನೆಲವನ್ನು ಮುಟ್ಟಿದ ಮೇಲೆ ಆಯಾ ನೆಲದ ಗುಣವನ್ನು ಪಡೆಯುತ್ತದೆ ಎಂಬುದು ಚರಕಾಚಾರ್ಯರ ಮತ. ಮಣ್ಣು ಕೆಸರನ್ನೂ ಬಹುಪಾಲು ರೋಗಾಣುಗಳನ್ನೂ ಸೋಸುತ್ತದೆ. ಆದರೆ ಯೂರಿಯಾ, ತಿಪ್ಪೆ, ಶೌಚಗುಂಡಿಗಳಿಂದ ಬರುವ ನೈಟ್ರೇಟ್ ನೀರಿನಲ್ಲಿ ಕರಗಿ ಹೊಳೆಯವರೆಗೂ ಸಾಗಬಲ್ಲದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಿಳಿಯಾದ ನೀರೆಲ್ಲ ಶುದ್ಧವಲ್ಲ.

ಕುಡಿಯುವ ನೀರಿನಲ್ಲಿ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮಿತಿ ಮೀರಿದ ನೀರನ್ನು ಬೆರೆಸಿದ ಹಾಲನ್ನು ಕುಡಿಸಿದರೆ, 6 ತಿಂಗಳೊಳಗಿನ ಕೂಸಿನ ರಕ್ತವು ಪ್ರಾಣವಾಯುವನ್ನು ಒಯ್ಯುವ ಶಕ್ತಿ ಕುಂದಿ ಮೈ ನೀಲಿಗಟ್ಟಬಹುದು. ನೀರನ್ನು ಕಾಯಿಸಿ ಕುಡಿಯಿರೆಂದು ನಾವು ಸದಾ ಹೇಳುತ್ತ ಬಂದವರು. ಕುದಿಸಿದರೆ ರೋಗಾಣು ಸಾಯುತ್ತದೆ, ನಿಜ, ನೈಟ್ರೇಟ್ ಹೋಗುವುದಿಲ್ಲ. ಅರ್ಧಕ್ಕೆ ಇಳಿಸಿದ ನೀರಿನಲ್ಲಿ ಅದರ ಪ್ರಮಾಣ ಇಮ್ಮಡಿಯಾಗುತ್ತದೆ. ಈ ಮಾತನ್ನೂ ನಾವು ಕೂಡಿಸಿ ಹೇಳಬೇಕಾಗಿದೆ.

ಆದುದರಿಂದ ಒರತೆ, ಬಾವಿ, ಕೊಳವೆಬಾವಿಗಳ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳಿರಿ. ಕೂಸಿಗೆ 6 ತಿಂಗಳವರೆಗೆ ತಾಯಿಯ ಎದೆಹಾಲೊಂದೇ ಸಾಕು. ತಿಪ್ಪೆ, ಶೌಚಗುಂಡಿಗಳು ಬಾವಿಯಿಂದಲೂ ಹೊಳೆಯ ದಂಡೆಯಿಂದಲೂ ದೂರವಿರಲಿ; ಗೊಬ್ಬರ ಬೆಳೆಗೆ ಬೇಕಾದಷ್ಟೇ ಬೀಳಲಿ. ಇಂದು ನಾವು ನೆಲಕ್ಕೆ ಸುರಿದುದು ವರುಷಗಳ ಬಳಿಕವಾದರೂ ನಮ್ಮ ತಂಬಿಗೆಗೇ ಮರಳುತ್ತದೆ.