ಫೋನಿನಿಂದ ಫ್ಯಾನ್ ಸರಿ, ಚಾಫ್ ಕಟರ್ ಬೇಡ

ಹೈನುಗಾರ ಸಹೋದರಿಯರೇ,

ನೀವು ಹೊಲದಲ್ಲಿದ್ದಾಗ ಕೊಟ್ಟಿಗೆಯ ಫ್ಯಾನ್ ಹಾಕುವವರು ಯಾರು? ಸೆಕೆಗೆ ಮಿಶ್ರತಳಿ ಹಸು ಮೇವು ಬಿಡುತ್ತದೆ, ಹಾಲೂ ಇಳಿಯುತ್ತದೆ. ಅದಕ್ಕೆಂದೇ ಫೋನಿನಿಂದ ನಡೆಯುವ ಸ್ಮಾರ್ಟ್ ಪವರ್ ಸ್ಟ್ರಿಪ್ ಒಂದನ್ನು ನಮ್ಮ ಮನೆಯ ಕೊಟ್ಟಿಗೆಯಲ್ಲಿ ಹಾಕಿ ನೋಡಿದೆ. ಮನೆಯ ವೈಫೈ ಅಲ್ಲಿಗೆ ಸಿಗಬೇಕು. ಬೆಳಗ್ಗೆ 11ಕ್ಕೆ ಫ್ಯಾನ್ ತಾನಾಗಿ ಓಡುತ್ತದೆ, ಸಂಜೆ 4ಕ್ಕೆ ನಿಲ್ಲುತ್ತದೆ.

ಒಂದು ದಿನ ಸಮಯ ಮರೆತು ಫ್ಯಾನ್ ಒರೆಸುತ್ತಿದ್ದೆ. 11 ಆಯಿತು, ರೆಕ್ಕೆ ತಿರುಗಿತು! ಬೆರಳು ಸ್ವಲ್ಪದರಲ್ಲಿ ಉಳಿಯಿತು. ಅದು ಚಾಫ್ ಕಟರ್ ಆಗಿದ್ದರೆ?

ಆದ್ದರಿಂದ ಚಾಫ್ ಕಟರ್, ಹಾಲು ಕರೆಯುವ ಯಂತ್ರಗಳನ್ನು ಇದಕ್ಕೆ ಜೋಡಿಸಲೇಬೇಡಿ. 10 ಆಂಪಿಯರ್ ಸ್ಟ್ರಿಪ್ 230 ವೋಲ್ಟ್‌ನಲ್ಲಿ ತಾಳುವುದು ಒಟ್ಟು 2300 ವ್ಯಾಟ್ ಮಾತ್ರ. ಮೋಟಾರು ಶುರುವಾಗುವಾಗ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಫ್ಯಾನ್ ಮುಟ್ಟುವ ಮೊದಲೂ ಗೋಡೆಯ ಸ್ವಿಚ್ ಆರಿಸಿ.

ಸ್ಟ್ರಿಪ್ ಅನ್ನು ನೀರು, ಗಂಜಲ ಸಿಡಿಯದ, ಹಸುವಿಗೆ ಎಟುಕದ ಒಣ ಜಾಗದಲ್ಲಿಡಿ. ಒದ್ದೆ ನೆಲದಲ್ಲಿ ನಿಂತ ಹಸುವಿಗೆ ನಮಗಿಂತ ಬೇಗ ಶಾಕ್ ತಗಲುತ್ತದೆ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಸ್ಟ್ರಿಪ್ ಕೊಳ್ಳುವುದು ಆಮೇಲೆ.