ಗಡಿನಾಡಿನ ಮನೆಲೆಕ್ಕ: ಎರಡು ಕಡೆಯ ಹಬ್ಬ, ಒಂದೇ ಸಂಪಾದನೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದವರು. ಶಾಲೆಯಲ್ಲಿ ಅದನ್ನು ವಿಸ್ತರಿಸಿ ಬರೆದು ಅಂಕ ಪಡೆದವರೂ ಹೌದು. ಆದರೆ ಕಾಸರಗೋಡಿನ ಕನ್ನಡ ಸಂಸಾರಗಳ ಕಷ್ಟ ಸ್ವಲ್ಪ ಬೇರೆ ಬಗೆಯದು. ನಮ್ಮ ಹಾಸಿಗೆ ಒಂದೇ. ಎಳೆಯುವವರು ಎರಡೂ ಕಡೆ ಇದ್ದಾರೆ. ಶಾಲೆ, ಕಚೇರಿ, ಸಂಬಳ, ಬೋನಸ್, ರಜೆ ಇವೆಲ್ಲ ಕೇರಳದ ಕ್ರಮದಂತೆ ನಡೆಯುತ್ತವೆ. ನೆಂಟಸ್ತಿಕೆ, ಮದುವೆ, ಕೋಲ, ಜಾತ್ರೆಗಳು ತುಳುನಾಡಿನ ತಿಂಗಳುಗಳನ್ನು ನೋಡಿ ನಡೆಯುತ್ತವೆ. ನೆಂಟರಲ್ಲಿ ಅರ್ಧದಷ್ಟು ಮಂದಿ ತಲಪಾಡಿಯಿಂದ ಆಚೆಗಿದ್ದಾರೆ. ಹಣ ಬರುವುದು ಒಂದು ಕ್ಯಾಲೆಂಡರ್ ನೋಡಿ, ಹೋಗುವುದು ಇನ್ನೊಂದನ್ನು ನೋಡಿ. ಇದನ್ನು ತಿಳಿಯದೆ ಮಾಡಿದ ಮಿತವ್ಯಯ ತೂತು ಕೊಡಕ್ಕೆ ನೀರು ಹೊಯ್ದಂತೆ.

ವರ್ಷದ ಒಂದು ಸುತ್ತು

ಎಪ್ರಿಲ್ ನಡುವಿನಲ್ಲಿ ಬಿಸು. ಕಣಿ ಕಂಡ ಮಕ್ಕಳ ಕೈಗೆ ಹಿರಿಯರು ಒಂದು ನಾಣ್ಯವಿಡುತ್ತಾರೆ. ನೆರೆಮನೆಯ ಮಲಯಾಳಿಗಳ ಕೈನೀಟ್ಟವೂ ಅದೇ. ವರ್ಷದ ಮೊದಲ ಉಡುಗೊರೆ ಇಷ್ಟು ಸರಳ. ಆದರೆ ಅಲ್ಲಿಂದ ಪತ್ತನಾಜೆಯವರೆಗೆ, ಅಂದರೆ ಬೇಶ ತಿಂಗಳ ಹತ್ತನೆಯ ದಿನವಾದ ಮೇ 24ರ ಸುಮಾರಿನವರೆಗೆ, ಮದುವೆ, ಉಪನಯನ, ಗೃಹಪ್ರವೇಶ, ಬ್ರಹ್ಮಕಲಶಗಳ ಕಾಗದಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಒಂದೇ ದಿನ ಮೂರು ಮದುವೆಗೆ ಮುಖ ತೋರಿಸುವವರೂ ನಮ್ಮಲ್ಲಿದ್ದಾರೆ.

ಪತ್ತನಾಜೆ ಕಳೆದು ವಾರವಾಗುವಷ್ಟರಲ್ಲಿ ಶಾಲೆ ತೆರೆಯುತ್ತದೆ, ಮಳೆಯೂ ಹಿಡಿಯುತ್ತದೆ. ಎಂಟನೆಯ ತರಗತಿಯವರೆಗೆ ಪಠ್ಯಪುಸ್ತಕ ಉಚಿತವಾದರೂ ಕೊಡೆ, ಚೀಲ, ಚಪ್ಪಲಿ, ನೋಟ್‌ಪುಸ್ತಕಗಳನ್ನು ನಾವೇ ಕೊಳ್ಳಬೇಕು. ಹತ್ತನೆಯ ತರಗತಿ ದಾಟಿದ ಮಕ್ಕಳಿದ್ದರಂತೂ ಪ್ರವೇಶ ಶುಲ್ಕ, ಮಂಗಳೂರು ಅಥವಾ ಪುತ್ತೂರಿನಲ್ಲಿ ಕಲಿಯುವುದಾದರೆ ಹಾಸ್ಟೆಲು, ಬಸ್ಸಿನ ಪಾಸು. ವರ್ಷದ ಅತಿ ಮುಖ್ಯವಾದ ಖರ್ಚು ಹೀಗೆ ವರ್ಷದ ಅತಿ ಬರಿದಾದ ವಾರದಲ್ಲಿ ಬಂದು ನಿಲ್ಲುತ್ತದೆ.

ಜುಲೈ ನಡುವಿನಿಂದ ಆಟಿ. ಶುಭಕಾರ್ಯಗಳಿಲ್ಲ, ಕೈಯಲ್ಲಿ ಕಾಸೂ ಇಲ್ಲ. ಸೋಣ ತಿಂಗಳು ಬಂದರೆ ಅಷ್ಟಮಿ, ಚೌತಿ, ಅದರೊಡನೆ ಓಣಂ. 2025ರ ಓಣಂಗೆ ಕೇರಳ ಸರಕಾರ ಅರ್ಹ ನೌಕರರಿಗೆ 4,500 ರೂಪಾಯಿ ಬೋನಸನ್ನೂ ಉಳಿದವರಿಗೆ 3,000 ರೂಪಾಯಿ ಹಬ್ಬದ ಭತ್ಯೆಯನ್ನೂ ಕೊಟ್ಟಿತು. 20,000 ರೂಪಾಯಿಯವರೆಗೆ ಮುಂಗಡವೂ ಇತ್ತು. ಮುಂಗಡವೆಂದರೆ ದಾನವಲ್ಲ, ಸಾಲ; ಮುಂದಿನ ತಿಂಗಳುಗಳ ಸಂಬಳದಿಂದ ಕಂತುಕಂತಾಗಿ ಮುರಿದುಕೊಳ್ಳುತ್ತಾರೆ. ನೆರೆಯವರಿಗೆ ಓಣಂ ದೊಡ್ಡ ಹಬ್ಬ, ಅವರ ಖರ್ಚು ಅಲ್ಲಿಗೆ ಮುಗಿಯಿತು. ನಮ್ಮ ಮಕ್ಕಳೂ ಶಾಲೆಯಲ್ಲಿ ಪೂಕ್ಕಳಂ ಹಾಕುತ್ತಾರೆ, ಹೊಸ ಅಂಗಿ ಕೇಳುತ್ತಾರೆ. ಕೊಡಿಸುತ್ತೇವೆ. ಆ ಮೇಲೆ ನವರಾತ್ರಿ, ದೀಪಾವಳಿ ಬರುವಾಗ ಬೋನಸು ಮುಗಿದಿರುತ್ತದೆ, ಸಂಬಳದಲ್ಲಿ ಕಡಿತ ಆರಂಭವಾಗಿರುತ್ತದೆ.

ತೋಟದವರ ಲೆಕ್ಕವೂ ಸುಲಭದ್ದಲ್ಲ. ನವೆಂಬರ್ ಹೊತ್ತಿಗೆ ಅಡಿಕೆ ಕೊಯ್ಲು ತೊಡಗಿದರೂ ಅಂಗಳದಲ್ಲಿ 40-45 ದಿನ ಬಿಸಿಲು ಕಂಡು ಚಾಲಿಯಾದ ಮೇಲಷ್ಟೇ ಅದು ಹಣ. ಹೊಸ ಅಡಿಕೆಗಿಂತ ಹಳೆಯದಕ್ಕೆ ಸಾಮಾನ್ಯವಾಗಿ ಹೆಚ್ಚು ಧಾರಣೆ ಎಂಬುದು ಎಲ್ಲ ಕೃಷಿಕರಿಗೂ ಗೊತ್ತು. 1970ರ ಸುಮಾರಿಗೆ ಧಾರಣೆ ಕುಸಿದಾಗ ಕಂಗಾಲಾದ ಬೆಳೆಗಾರರಿಗಾಗಿಯೇ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ-ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಸಂಸ್ಥೆ ಅದು. ಸಂಸ್ಥೆ ಇದ್ದರೇನು? ಮೇ ತಿಂಗಳ ಮದುವೆಗಳಿಗಾಗಿ ಹೊಸ ಅಡಿಕೆಯನ್ನು ಅವಸರದಲ್ಲಿ ತೂಗಿ ಕೊಟ್ಟವರು ಹಳೆ ಅಡಿಕೆಯ ಧಾರಣೆಯನ್ನು ಪತ್ರಿಕೆಯಲ್ಲಿ ಓದಿ ನಿಟ್ಟುಸಿರು ಬಿಡಬೇಕಷ್ಟೆ.

ಜೂನಿನ ಹಣ ಮೊದಲು

ಆದ್ದರಿಂದ ನಾವು ಹೇಳುವುದು ಇಷ್ಟೇ: ಮನೆಯ ಆಯವ್ಯಯವನ್ನು ಜನವರಿಯಿಂದಲ್ಲ, ಜೂನ್‌ನಿಂದ ಆರಂಭಿಸಬೇಕು. ಮಕ್ಕಳ ಓದಿನ ಹಣವನ್ನು ಮೊದಲು ಬೇರೆ ತೆಗೆದಿಟ್ಟು, ಉಳಿದದ್ದರಲ್ಲಿ ಉಡುಗೊರೆಯನ್ನೂ ತಿರುಗಾಟವನ್ನೂ ನೋಡಿಕೊಳ್ಳಬೇಕು. ಉಪಾಧ್ಯಾಯರಾದ ನಾವು ಮೊದಲ ವಾರದ ಹಾಜರಿ ಕರೆಯುವಾಗಲೇ ಯಾವ ಮನೆಯಲ್ಲಿ ಮೇ ತಿಂಗಳು ಭಾರವಾಯಿತೆಂದು ತಿಳಿಯುತ್ತದೆ. ಹರಿದ ಕೊಡೆಯಡಿ ಇಬ್ಬರು ಬರುವುದನ್ನು ಹೇಗೂ ಸುಧಾರಿಸಬಹುದು. ಜಾಣ ಹುಡುಗಿಯೊಬ್ಬಳು ದೂರದ ಕಾಲೇಜಿನ ಅರ್ಜಿಯನ್ನೇ ಹಾಕದೆ ಉಳಿದರೆ ಅದನ್ನು ಸುಧಾರಿಸುವುದು ಹೇಗೆ?

ಲೆಕ್ಕ ಹಾಕಿ ನೋಡೋಣ. ಒಂದು ಸಾಧಾರಣ ಸಂಸಾರ ಎರಡು ತಿಂಗಳಲ್ಲಿ ಪರಿಚಯದವರ ಹತ್ತು ಸಮಾರಂಭಗಳಿಗೆ ತಲಾ 500 ರೂಪಾಯಿಯ ಕವರು ಕೊಟ್ಟರೆ 5,000. ಹತ್ತಿರದ ನೆಂಟರ ಮೂರು ಮದುವೆಗೆ ತಲಾ 3,000 ಎಂದರೆ 9,000. ಬಟ್ಟೆಬರೆ, ಬಸ್ಸು, ಆಟೋ ಸೇರಿ 4,000. ಒಟ್ಟು 18,000. ಇದು ಮೇ ತಿಂಗಳಲ್ಲಿ ಒಮ್ಮೆಗೇ ಹುಡುಕಬೇಕಾದರೆ ಸಾಲ. ತಿಂಗಳಿಗೆ 1,500ರಂತೆ ಕೂಡಿಟ್ಟರೆ ಹನ್ನೆರಡು ತಿಂಗಳ ಉಳಿತಾಯ. ಮೊತ್ತ ಒಂದೇ, ಭಾರ ಬೇರೆ.

ಕೂಡಿಡುವ ದಾರಿಗಳಿಗೆ ಇಲ್ಲಿ ಕೊರತೆಯಿಲ್ಲ. ಅಂಚೆ ಕಚೇರಿಯ ಆರ್.ಡಿ.ಗೆ ತಿಂಗಳಿಗೆ 100 ರೂಪಾಯಿ ಸಾಕು. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಅಯಲ್ಕೂಟಗಳಲ್ಲಿ ನಮ್ಮ ತಾಯಂದಿರು ವಾರವಾರ ಪುಟ್ಟ ಮೊತ್ತ ಕಟ್ಟುತ್ತಿದ್ದಾರೆ. ಕೇರಳ ಸರಕಾರ 1969ರಲ್ಲಿ ಆರಂಭಿಸಿದ ಕೆ.ಎಸ್.ಎಫ್.ಇ.ಯ ಕುರಿಗಳೂ ಇವೆ. ತಿಂಗಳಿಗೆ 2,500ರಂತೆ ನಲವತ್ತು ತಿಂಗಳು ಕಟ್ಟುವ ಕುರಿಯ ಮೊತ್ತ ಒಂದು ಲಕ್ಷ. ಆದರೆ ಅವಸರಪಟ್ಟು ಮೊದಲೇ ಹರಾಜು ಕೂಗಿದವರಿಗೆ ಕೈಗೆ ಸಿಗುವುದು ಬಹಳ ಕಡಿಮೆ. ತಾಳಿದವರಿಗೆ ಬೇರೆಯವರು ಬಿಟ್ಟುಕೊಟ್ಟದ್ದರಲ್ಲಿ ಪಾಲು. ಕುರಿ ಹಿಡಿಯುವಾಗಲೇ ಅದು ಯಾವ ಮಗುವಿನ ಯಾವ ವರ್ಷದ ಓದಿಗೆಂದು ಮನೆಯಲ್ಲಿ ಹೇಳಿಟ್ಟರೆ ನಡುವೆ ಕೂಗುವ ಚಪಲ ಕಡಿಮೆಯಾಗುತ್ತದೆ.

ಕೊಡುವವನ ಶಕ್ತಿಯೇ ಅಳತೆ

ಇನ್ನು ಉಡುಗೊರೆಯ ಮಾತು. ಅವರು ನಮ್ಮ ಮದುವೆಗೆ ಎಷ್ಟು ಕೊಟ್ಟಿದ್ದರು ಎಂದು ಹಳೆಯ ಪುಸ್ತಕ ತೆರೆದು ನೋಡುವ ಪದ್ಧತಿ ನಮ್ಮಲ್ಲುಂಟು. ಮುಯ್ಯಿಗೆ ಮುಯ್ಯಿ ತಪ್ಪಲ್ಲ. ಒಬ್ಬರ ಮನೆಯ ದೊಡ್ಡ ಖರ್ಚನ್ನು ಊರೇ ಹಂಚಿಕೊಳ್ಳುವ ಒಳ್ಳೆಯ ಉಪಾಯವಾಗಿಯೇ ಅದು ಬೆಳೆದು ಬಂದದ್ದು. ಅದು ಪೈಪೋಟಿಯಾದಾಗ ಮಾತ್ರ ಕೇಡು. ಸೋದರಮಾವನಾದವನು ಸೊಸೆಗೆ ಒಂದು ಉಂಗುರವಾದರೂ ಹಾಕಬೇಕೆಂಬುದು ಹಿಂದಿನವರ ಆಸೆ. ಆದರೆ 2025ರ ಅಕ್ಟೋಬರಿನಲ್ಲಿ ಕೇರಳದಲ್ಲಿ ಒಂದು ಪವನು, ಅಂದರೆ ಎಂಟು ಗ್ರಾಂ ಬಂಗಾರದ ಬೆಲೆ 90,000 ರೂಪಾಯಿ ದಾಟಿತು. ಅರ್ಧ ಪವನಿನ ಉಂಗುರಕ್ಕಾಗಿ ಹೆಂಡತಿಯ ಬಳೆ ಅಡವಿಡುವ ಮಾವನನ್ನು ಯಾವ ಸೊಸೆಯೂ ಬಯಸಲಾರಳು.

ಈ ವಿಷಯದಲ್ಲಿ ಕಾನೂನಿನ ಮಾತೂ ಕೇಳುವಂತಿದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ವಧುವಿನ ಕಡೆಯವರು ವರನಿಗೆ ಕೊಡುವ ಉಡುಗೊರೆ ವಾಡಿಕೆಯದ್ದಾಗಿರಬೇಕು. ಕೊಡುವವನ ಆರ್ಥಿಕ ಸ್ಥಿತಿಯನ್ನು ನೋಡಿದರೆ ಅದರ ಬೆಲೆ ಮಿತಿಮೀರಿರಬಾರದು. ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಬರೆದಿಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ಕಾನೂನು ಹಿಡಿದ ಅಳತೆಗೋಲು ಪಡೆಯುವವನ ಅಂತಸ್ತಲ್ಲ, ಕೊಡುವವನ ಶಕ್ತಿ. ನಾವೂ ಎಲ್ಲ ಉಡುಗೊರೆಗೂ ಇದೇ ಅಳತೆಯನ್ನು ಹಿಡಿದರೆ ಯಾರಿಗೂ ಅವಮಾನವಿಲ್ಲ. ಎಪ್ರಿಲಿಗೆ ಮುಂಚೆಯೇ ಗಂಡಹೆಂಡಿರು ಕೂತು, ಹತ್ತಿರದವರಿಗೆ ಇಷ್ಟು, ನೆರೆಯವರಿಗೆ ಇಷ್ಟು, ಪರಿಚಯದವರಿಗೆ ಇಷ್ಟು ಎಂದು ಬರೆದಿಡುವುದು ಉತ್ತಮ. ಕವರಿಗೆ ಹಣ ತುಂಬುವ ಗಳಿಗೆಯಲ್ಲಿ ನಿರ್ಧಾರ ಮಾಡಬಾರದು. ಆಗ ಅಭಿಮಾನವೇ ಗೆಲ್ಲುವುದು.

ಹಣವಿಲ್ಲದೆಯೂ ಕೊಡುವುದಕ್ಕೆ ನಮ್ಮ ಹಿರಿಯರು ದಾರಿ ಮಾಡಿಟ್ಟಿದ್ದಾರೆ. ದೇವಸ್ಥಾನದ ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಹೋಗುವಾಗ ಒಬ್ಬರು ತೆಂಗಿನಕಾಯಿ, ಒಬ್ಬರು ಅಕ್ಕಿ, ಒಬ್ಬರು ಸೌತೆಕಾಯಿ ತರುತ್ತಾರೆ. ಯಾರದು ಹೆಚ್ಚು ಯಾರದು ಕಡಿಮೆಯೆಂದು ತೂಗುವವರಿಲ್ಲ. ಮದುವೆಮನೆಗೂ ಹಾಗೆಯೇ ಬಾಳೆಗೊನೆ, ಹಲಸು, ತರಕಾರಿ ಹೋಗುತ್ತಿತ್ತು. ಹಿಂದಿನ ರಾತ್ರಿ ತರಕಾರಿ ಹೆಚ್ಚುವುದು, ಚಪ್ಪರ ಕಟ್ಟುವುದು, ಬಡಿಸುವುದು ಎಲ್ಲವೂ ನೆರೆಯವರ ಕೈಕೆಲಸ. ಈಗ ಹಾಲ್ ಬಂತು, ಗುತ್ತಿಗೆ ಅಡಿಗೆ ಬಂತು. ಕೈಯ ಕೆಲಸ ತಪ್ಪಿದ ಮೇಲೆ ಕವರೊಂದೇ ಉಳಿಯಿತು. ಮನೆಯಂಗಳದಲ್ಲಿ ನಡೆಯುವ ಕಾರ್ಯಗಳಲ್ಲಾದರೂ ಎರಡು ದಿನದ ದುಡಿಮೆಯನ್ನು ಉಡುಗೊರೆಯೆಂದು ಒಪ್ಪಿಕೊಳ್ಳುವ ದೊಡ್ಡ ಮನಸ್ಸು ಕರೆಯುವವರಿಗಿರಬೇಕು.

ರಜೆಯೂ ಲೆಕ್ಕದೊಳಗೆ

ರಜೆಯ ಕಷ್ಟ ಮಕ್ಕಳದು. ನಮ್ಮಲ್ಲಿ ಓಣಂಗೆ ಸುಮಾರು ಹತ್ತು ದಿನ ರಜೆಯಿರುವಾಗ ಮಂಗಳೂರಿನ ಚಿಕ್ಕಮ್ಮನ ಮಕ್ಕಳು ಶಾಲೆಯಲ್ಲಿರುತ್ತಾರೆ. ಅವರಿಗೆ ದಸರಾ ರಜೆ ಬಂದಾಗ ನಮ್ಮವರಿಗೆ ಎರಡು-ಮೂರು ದಿನ ಸಿಕ್ಕಿದರೆ ಪುಣ್ಯ. ಕೂಡಿ ಆಡಲು ಉಳಿಯುವುದು ಎಪ್ರಿಲ್-ಮೇ ಒಂದೇ. ಆ ದಿನಗಳಲ್ಲಿ ಮಕ್ಕಳು ಅಜ್ಜನ ಮನೆಯಲ್ಲಿ ವಾರವಿರಲಿ. ಮುಂದಿನ ವಾರ ಆ ಮನೆಯ ಮಕ್ಕಳು ನಮ್ಮಲ್ಲಿಗೆ ಬರಲಿ. ಹೋಗುವಾಗ ಪೇಟೆಯ ಸಿಹಿತಿಂಡಿಯ ಪೆಟ್ಟಿಗೆಗಿಂತ ಮನೆಯ ಹಲಸಿನ ಹಪ್ಪಳದ ಕಟ್ಟು ಹೆಚ್ಚು ಬೆಲೆಯುಳ್ಳದ್ದು.

ಓಣಂ ರಜೆಗೆ ದೂರದ ಪ್ರವಾಸವೇ ಬೇಕೆಂದಿಲ್ಲ. ಇಕ್ಕೇರಿ ನಾಯಕರು 17ನೆಯ ಶತಮಾನದಲ್ಲಿ ಕಟ್ಟಿಸಿದ ಬೇಕಲ ಕೋಟೆ, ಸರೋವರದ ನಡುವಿನ ಅನಂತಪುರ ದೇವಾಲಯ, ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ, ಇವೆಲ್ಲ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ ಜಾಗಗಳು. ತಮ್ಮ ನುಡಿಯ ಬೇರು ಈ ಮಣ್ಣಿನಲ್ಲಿ ಎಷ್ಟು ಆಳಕ್ಕಿದೆಯೆಂದು ಮಕ್ಕಳಿಗೆ ತಿಳಿಯುವುದು ಇಂಥ ಒಂದು ದಿನದಲ್ಲಿ.

ಮಿತವ್ಯಯವೆಂದರೆ ಜಿಪುಣತನವಲ್ಲ. ಯಾವುದಕ್ಕೆ ಇಲ್ಲವೆನ್ನಬೇಕು, ಯಾವುದಕ್ಕೆ ಇಲ್ಲವೆನ್ನಲೇಬಾರದು ಎಂಬ ತಿಳಿವಳಿಕೆ ಅದು. ಕವರಿನಲ್ಲಿ ನೂರು ರೂಪಾಯಿ ಕಡಿಮೆಯಾದರೆ ನೆಂಟರು ಒಂದು ದಿನ ಆಡಿಕೊಂಡಾರು, ಮರುದಿನ ಮರೆತಾರು. ಜೂನಿನಲ್ಲಿ ಕಟ್ಟದೆ ಹೋದ ಶುಲ್ಕವನ್ನು ಮಗು ಜೀವಮಾನವಿಡೀ ಮರೆಯಲಾರದು. ಹೊಸ ಲೆಕ್ಕದ ಪುಸ್ತಕ ತೆರೆಯುವವರು ಮೊದಲ ಪುಟದ ಮೇಲೆ ಜೂನ್ ಎಂದು ಬರೆದು, ಅದರ ಕೆಳಗೆ ಮಕ್ಕಳ ಹೆಸರು ಬರೆಯಲಿ.